ಮಕ್ಕಳ ಜೊತೆ ಕ್ರೂಸ್‌ಗೆ ಕಳಿಸಿದ ಟ್ರಾವೆಲ್ ಏಜೆನ್ಸಿಗೆ ಒಂದು ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ನಾವು ಕ್ರೂಸ್ ಬುಕ್ ಮಾಡಿದ ಟ್ರಾವೆಲ್ ಏಜೆನ್ಸಿ,
ಕಲಬುರಗಿ

ವಿಷಯ: ಮುಂಬೈ–ಗೋವಾ ಕ್ರೂಸ್‌ನಲ್ಲಿ ಕೇಳಿದ ಕ್ಯಾಬಿನ್ ಮತ್ತು ಊಟದ ಸಮಯ ಕೊಡದೆ ಮಕ್ಕಳಿಗೆ ಆದ ತೊಂದರೆ

ಮಾನ್ಯರೇ,

ಮೇ ತಿಂಗಳ ಕೊನೇ ವಾರ ನೀವು ನಮ್ಮನ್ನು ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಮೂರು ರಾತ್ರಿಯ ಕ್ರೂಸ್‌ಗೆ ಕಳಿಸಿದಿರಿ. ನಾನು, ನಮ್ಮ ಮನೆಯವರು, 6 ವರ್ಷದ ಮಗಳು, 3 ವರ್ಷದ ಮಗ. ಒಟ್ಟು 1,16,000 ರೂಪಾಯಿ ಕಟ್ಟಿದ್ದೇವೆ. ಅದರಲ್ಲಿ 14,000 ರೂಪಾಯಿ ಕಿಟಕಿ ಇರುವ ಕ್ಯಾಬಿನ್‌ಗೆ ಅಂತಲೇ ಜಾಸ್ತಿ ಕೊಟ್ಟದ್ದು. ಊರಿಗೆ ಬಂದು ಹತ್ತು ದಿನ ಆಯಿತು. ಫೋನ್ ಮಾಡಿದಾಗಲೆಲ್ಲ ನಿಮ್ಮ ಆಫೀಸಿನವರು "ಸಮುದ್ರ ಅಂದಮ್ಯಾಲ ವಾಂತಿ ಆಗೇ ಆಗ್ತದ್ರಿ ಮೇಡಂ" ಅಂತ ಹೇಳಿ ಇಟ್ಟುಬಿಡುತ್ತಾರೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಸಮುದ್ರದ ಮೇಲೆ ವಾಂತಿ ಆಗುತ್ತದೆ ಅನ್ನುವುದು ನನಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಏಪ್ರಿಲ್‌ನಲ್ಲಿ ನಿಮ್ಮ ಆಫೀಸಿಗೆ ಬಂದು ಕೂತು, ಒಂದೊಂದೇ ಕೇಳಿದೆ. ಮಗನಿಗೆ ಕಾರಿನಲ್ಲೇ ತಲೆ ಸುತ್ತುತ್ತದೆ. ಗಾಣಗಾಪುರಕ್ಕೆ ಹೋಗುವಾಗ ಎರಡು ಸಲ ಗಾಡಿ ನಿಲ್ಲಿಸಬೇಕಾಗುತ್ತದೆ. ಇಂಥ ಮಗುವನ್ನು ಹಡಗಿನಲ್ಲಿ ಕರೆದುಕೊಂಡು ಹೋಗಬಹುದಾ ಅಂತ ಕೇಳಿದೆ. "ಏನೂ ಚಿಂತಿ ಮಾಡಬ್ಯಾಡ್ರಿ, ದೊಡ್ಡ ಹಡಗು ಅದ, ಅಲುಗಾಡಂಗೇ ಇಲ್ಲ" ಅಂದರು. ಮೇ ಕೊನೆಗೆ ಸಮುದ್ರ ಹೇಗಿರುತ್ತದೆ ಅಂತ ಕೇಳಿದ್ದಕ್ಕೆ, ಮಳೆಗಾಲ ಜೂನ್‌ಗೆ, ಅಲ್ಲಿಯವರೆಗೆ ಕೆರೆ ಇದ್ದ ಹಾಗೆ ಇರುತ್ತದೆ ಅಂದರು.

ನಾವು ಕಲಬುರಗಿಯವರು. ನಮ್ಮ ಮಕ್ಕಳು ನೋಡಿದ ದೊಡ್ಡ ನೀರು ಅಪ್ಪನ ಕೆರೆ ಮತ್ತು ಸಂಗಮದ ಭೀಮಾ ನದಿ. 42 ಡಿಗ್ರಿ ಬಿಸಿಲಿನಿಂದ ನಾಲ್ಕು ದಿನ ಹೊರಗೆ ಇರೋಣ ಅಂತ ಹೊರಟವರು. ಸಮುದ್ರದ ಗುಣ ನಮಗೆ ಗೊತ್ತಿರಲ್ಲ. ಅದಕ್ಕೇ ಅಲ್ವಾ ನಿಮ್ಮ ಹತ್ತಿರ ಬರುವುದು? ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕಾರವಾರದವರು. ಬಂದ ಮೇಲೆ ಅವರಿಗೆ ಹೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಹೋಗುವಂತೆಯೇ ಇಲ್ಲ, ಆದರೆ ಅದಕ್ಕೂ ಮುಂಚೆಯೇ ಅಲೆ ಏಳಲು ಶುರುವಾಗುತ್ತದೆ, ಚಿಕ್ಕ ಮಕ್ಕಳನ್ನು ಮೇ ಕೊನೆಗೆ ಯಾರು ಕಳಿಸಿದರು ಅಂತ ಬೈದರು. ಕರಾವಳಿಯವರಿಗೆ ಗೊತ್ತಿರುವ ಇಷ್ಟು ವಿಷಯ ಟಿಕೆಟ್ ಮಾರುವ ನಿಮಗೆ ಗೊತ್ತಿರಬೇಕಿತ್ತು.

ಕ್ಯಾಬಿನ್ ವಿಷಯಕ್ಕೆ ಬರುತ್ತೇನೆ. ನಾನು ಕೇಳಿದ್ದು ಹಡಗಿನ ನಡುವೆ, ಕೆಳಗಿನ ಡೆಕ್‌ನಲ್ಲಿ, ಕಿಟಕಿ ಇರುವ ಕೋಣೆ. ನಿಮ್ಮವರು ಬುಕಿಂಗ್ ಫಾರ್ಮ್ ಮೇಲೆ ತಮ್ಮ ಕೈಯಿಂದಲೇ ಹಾಗೆ ಬರೆದುಕೊಂಡಿದ್ದಾರೆ. ಅದರ ಫೋಟೋ ನನ್ನ ಹತ್ತಿರ ಇದೆ. ಮುಂಬೈ ಬಂದರಿನ ಬ್ಯಾಲಾರ್ಡ್ ಪಿಯರ್‌ನಲ್ಲಿ ಕೀ ಕೈಗೆ ಬಂದಾಗ ನೋಡಿದರೆ ಕೋಣೆ ಹಡಗಿನ ಮೂತಿಯ ಕಡೆ, ಮೇಲಿನ ಡೆಕ್‌ನಲ್ಲಿ. ಕಿಟಕಿ ಇಲ್ಲ. ನಾಲ್ಕೂ ಕಡೆ ಗೋಡೆ. ಕೌಂಟರ್‌ನಲ್ಲಿ ಕೇಳಿದರೆ, ಏಜೆಂಟರು ಬುಕ್ ಮಾಡಿದ್ದೇ ಇದು, ಈಗ ಹಡಗು ತುಂಬಿದೆ ಅಂದರು.

ಇದು ಸುಮ್ನೆ ಸೌಕರ್ಯದ ಮಾತಲ್ಲ. ಬಸ್ಸಿನ ಕೊನೆ ಸೀಟಿನಲ್ಲಿ ಕೂತವರಿಗೆ ಗೊತ್ತು, ಅದೇ ಬಸ್ಸು, ಆದರೆ ನಡುವಿನ ಸೀಟಿನವರು ಆರಾಮಾಗಿ ನಿದ್ದೆ ಮಾಡುತ್ತಿರುತ್ತಾರೆ. ಹಡಗೂ ಹಾಗೆಯೇ. ಅಲೆ ಬಂದಾಗ ಮೂತಿ ಎಲ್ಲಕ್ಕಿಂತ ಜಾಸ್ತಿ ಏರಿ ಇಳಿಯುತ್ತದೆ. ನಡುವೆ, ಕೆಳಗೆ ಇದ್ದವರಿಗೆ ಅಲುಗಾಟ ಕಡಿಮೆ. ಮತ್ತೆ ಆ ಕಿಟಕಿ. ಒಳಕಿವಿಗೆ ಹಡಗು ಅಲುಗಾಡುವುದು ಗೊತ್ತಾಗುತ್ತದೆ. ಕಣ್ಣಿಗೆ ಕಾಣುವ ಗೋಡೆ ಮಾತ್ರ ನಿಂತೇ ಇರುತ್ತದೆ. ಈ ಎರಡೂ ಹೊಂದದೇ ಇದ್ದಾಗ ಹೊಟ್ಟೆ ತೊಳಸುತ್ತದೆ. ದೂರದಲ್ಲಿ ಸಮುದ್ರ ಆಕಾಶ ಸೇರುವ ಗೆರೆ ನೋಡಿದರೆ ಕಡಿಮೆ ಆಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡೆ. ಮಗಳನ್ನು ನಡುವಿನ ತೆರೆದ ಡೆಕ್‌ಗೆ ಕರೆದುಕೊಂಡು ಹೋಗಿ ಗಾಳಿಗೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಸರಿ ಹೋಗುತ್ತಿದ್ದಳು. ಕೋಣೆಗೆ ಹೋದ ಹತ್ತು ನಿಮಿಷಕ್ಕೆ ಮತ್ತೆ ಬಾತ್‌ರೂಮಿಗೆ ಓಡುತ್ತಿದ್ದಳು.

ಮಗನ ಸ್ಥಿತಿ ಇನ್ನೂ ಕಷ್ಟ. ಮೊದಲ ರಾತ್ರಿ ಹನ್ನೊಂದಕ್ಕೆ ಶುರುವಾದ ವಾಂತಿ ಮಾರನೇ ದಿನ ಮಧ್ಯಾಹ್ನದವರೆಗೆ ನಿಲ್ಲಲಿಲ್ಲ. ನೀರು ಕೊಟ್ಟರೆ ನೀರೂ ಹೊರಗೆ. ಬೆಳಗ್ಗೆಯಿಂದ ಒಂದು ಸಲವೂ ಮೂತ್ರ ಆಗಿರಲಿಲ್ಲ, ತುಟಿ ಒಣಗಿತ್ತು. ಬಾತ್‌ರೂಮಿನ ನೆಲದ ಮೇಲೆ ಟವೆಲ್ ಹಾಸಿಕೊಂಡು ಅವನನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದೆ. "ಮಮ್ಮಿ, ಮನಿಗಿ ನಡಿ" ಅನ್ನುತ್ತಿದ್ದ. ಸಮುದ್ರದ ನಡುವೆ ಆ ಮಾತಿಗೆ ನಾನು ಏನು ಹೇಳಲಿ? ಹಡಗಿನ ಡಾಕ್ಟರ್ ಬಂದು ಓಆರ್‌ಎಸ್ ಕೊಟ್ಟರು. ಒಮ್ಮೆಗೇ ಕುಡಿಸಬೇಡಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ ಅಂತ ಹೇಳಿಕೊಟ್ಟರು. ಅದಕ್ಕೆ 4,500 ರೂಪಾಯಿ ಬಿಲ್. ಡಾಕ್ಟರ್ ಫೀಸು ಬೇರೆ ಅಂತಲೂ ನೀವು ಹೇಳಿರಲಿಲ್ಲ.

ಊರಿಗೆ ಬಂದು ನಮ್ಮ ಮಕ್ಕಳ ಡಾಕ್ಟರ್‌ಗೆ ತೋರಿಸಿದೆ. 2 ವರ್ಷದಿಂದ 12 ವರ್ಷದ ಮಕ್ಕಳಿಗೇ ಈ ತೊಂದರೆ ಎಲ್ಲರಿಗಿಂತ ಜಾಸ್ತಿ, ಔಷಧಿಯನ್ನು ಹಡಗು ಹೊರಡುವ ಮುಂಚೆಯೇ ಕೊಡಬೇಕು, ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ ಅಂದರು. ಮಗುವಿನ ವಯಸ್ಸು, ತೂಕ ನೋಡಿ ಕೊಡುವ ಔಷಧಿ ಅದು. ನೀವು ಔಷಧಿ ಹೇಳಬೇಕಿರಲಿಲ್ಲ. "ಹೊರಡುವ ಮುಂಚೆ ಒಮ್ಮೆ ಮಕ್ಕಳ ಡಾಕ್ಟರ್‌ಗೆ ತೋರಿಸಿಕೊಂಡು ಬರ್ರಿ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದರ ಬದಲು ಅಲುಗಾಡುವುದೇ ಇಲ್ಲ ಅಂದಿರಿ. ಆ ಮಾತು ನಂಬಿ ನಾನು ಡಾಕ್ಟರ್ ಹತ್ತಿರ ಹೋಗಲಿಲ್ಲ.

ಊಟದ್ದೂ ಇದೇ ಕಥೆ. ರಾತ್ರಿ ಊಟ ಎರಡು ಪಾಳಿ: 7 ಗಂಟೆಗೆ ಒಂದು, 9:15ಕ್ಕೆ ಒಂದು. ಮಕ್ಕಳು ಒಂಬತ್ತಕ್ಕೆ ಮಲಗುತ್ತಾರೆ, ಮೊದಲನೇ ಪಾಳಿ ಬೇಕು ಅಂತ ಫಾರ್ಮ್‌ನಲ್ಲಿ ಟಿಕ್ ಹಾಕಿದ್ದೆ. ಸಿಕ್ಕಿದ್ದು ಎರಡನೆಯದು. ಮೊದಲ ದಿನ ಮಗಳು ಟೇಬಲ್ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು. ಮಗ ಹಸಿವಿಗೆ ಅಳುತ್ತಾ ಪನೀರ್ ಮಸಾಲೆ ಎರಡು ತುತ್ತು ತಿಂದ, ರಾತ್ರಿ ಅದೇ ಹೊರಗೆ ಬಂತು. ಬುಫೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ಮತ್ತೆ ರಾತ್ರಿಗೇ. ನಡುವೆ ಚಹಾ ಮತ್ತು ಕರಿದ ಖಾರದ ತಿಂಡಿ. ಹೊಟ್ಟೆ ಕೆಟ್ಟ ಮಗುವಿಗೆ ಬೇಕಾದದ್ದು ಇದಕ್ಕೆ ಉಲ್ಟಾ. ಸಪ್ಪೆಯದು ಬೇಕು, ಸ್ವಲ್ಪವೇ ಬೇಕು, ಆಗಾಗ ಬೇಕು.

ಎರಡನೇ ದಿನ ಸಂಜೆ ಐದೂವರೆಗೆ ಮಗ ಕಣ್ಣು ಬಿಟ್ಟು "ಮೊಸರನ್ನ" ಅಂದ. ಅವನು ಬಾಯಿಬಿಟ್ಟು ಊಟ ಕೇಳಿ ಒಂದು ದಿನ ಆಗಿತ್ತು. ನಾನು ಓಡಿದೆ. ಎಲ್ಲ ಮುಚ್ಚಿತ್ತು. ಮನೆಯಲ್ಲಿ ನಮ್ಮ ಅತ್ತೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಕ್ಕಳಿಗೆ ಅಂತ ಬೆಲ್ಲದ ರೊಟ್ಟಿ ಕಟ್ಟಿ ಕೊಟ್ಟಿದ್ದರು. ಒಯ್ಯಬಹುದಾ ಅಂತ ನಿಮ್ಮನ್ನು ಕೇಳಿಯೇ ಕಟ್ಟಿದ್ದು. "ಒಯ್ರಿ, ಯಾರು ಬ್ಯಾಡ ಅಂತಾರ" ಅಂದಿದ್ದಿರಿ. ಬಂದರಿನ ತಪಾಸಣೆಯಲ್ಲಿ ಮನೆಯ ಅಡುಗೆ ಬಿಡುವುದಿಲ್ಲ ಅಂತ ಎಲ್ಲವನ್ನೂ ತೆಗೆದಿಟ್ಟುಕೊಂಡರು. ಸೀಲ್ ಇರುವ ಮಕ್ಕಳ ಆಹಾರ ಆದರೆ ಬಿಡುತ್ತಿದ್ದರಂತೆ. ಅದು ಮೊದಲೇ ಗೊತ್ತಿದ್ದರೆ ಮುಂಬೈಯಲ್ಲೇ ನಾಲ್ಕು ಪ್ಯಾಕೆಟ್ ತೆಗೆದುಕೊಳ್ಳುತ್ತಿದ್ದೆ.

ಆ ಸಂಜೆ ನನ್ನ ಮುಖ ನೋಡಿ ಊಟ ಬಡಿಸುವ ಹಿರಿಯರೊಬ್ಬರು ಒಳಗೆ ಹೋಗಿ, ಕೆಲಸದವರಿಗೆ ಮಾಡಿದ ಬಿಳಿ ಅನ್ನ, ಒಂದು ಬಟ್ಟಲು ಮೊಸರು ತಂದುಕೊಟ್ಟರು. ಮಗ ಆರು ಚಮಚ ತಿಂದ, ಹೊಟ್ಟೆಯಲ್ಲಿ ನಿಂತಿತು. ಅವರ ಹೆಸರು ಕೇಳಲೂ ಆಗಲಿಲ್ಲ ನನಗೆ, ಅಳು ಬಂದಿತ್ತು. ಮೂತಿ ಕಡೆ ಅಲುಗಾಟ ಜಾಸ್ತಿ, ಮಗುವನ್ನು ನಡುವಿನ ಡೆಕ್‌ನಲ್ಲೇ ಇಟ್ಟುಕೊಳ್ಳಿ ಅಂತ ಹೇಳಿದ್ದೂ ಅವರೇ. ಹಡಗಿನ ಕೆಲಸದವರ ಮೇಲೆ ನನ್ನ ದೂರಿಲ್ಲ. ಹೊರಡುವ ಮುಂಚಿನ ಸುರಕ್ಷತಾ ಡ್ರಿಲ್‌ನಲ್ಲಿ ಇಬ್ಬರು ಮಕ್ಕಳಿಗೂ ಅವರ ಅಳತೆಯ ಲೈಫ್ ಜಾಕೆಟ್ ತಾವೇ ತಂದು ತೊಡಿಸಿ ತೋರಿಸಿದರು. ತಪ್ಪಾದದ್ದು ನಿಮ್ಮಲ್ಲಿ, ನಮ್ಮ ಊರಿನಲ್ಲಿ, ಟೇಬಲ್ ಆಚೆ ಈಚೆ ಕೂತು ಮಾತಾಡಿದ ಆ ಅರ್ಧ ಗಂಟೆಯಲ್ಲಿ.

ಕಿಟಕಿಗೆ ಅಂತ ತೆಗೆದುಕೊಂಡ 14,000 ಮತ್ತು ಡಾಕ್ಟರ್ ಬಿಲ್ 4,500, ಒಟ್ಟು 18,500 ರೂಪಾಯಿ ವಾಪಸ್ ಕೊಡಿ. ಫಾರ್ಮ್‌ನಲ್ಲಿ ಬರೆದದ್ದು ಟಿಕೆಟ್‌ನಲ್ಲಿ ಯಾಕೆ ಬರಲಿಲ್ಲ ಅಂತ ಬರಹದಲ್ಲಿ ಉತ್ತರ ಕೊಡಿ. ಇನ್ನೊಂದು, ನನಗೆ ಹಣಕ್ಕಿಂತ ಮುಖ್ಯವಾದದ್ದು: ಚಿಕ್ಕ ಮಕ್ಕಳ ಜೊತೆ ಬರುವವರಿಗೆ ಕ್ಯಾಬಿನ್ ಎಲ್ಲಿದೆ, ಊಟ ಎಷ್ಟೊತ್ತಿಗೆ, ಏನು ಒಯ್ಯಬಹುದು, ಡಾಕ್ಟರ್‌ಗೆ ತೋರಿಸಿಕೊಂಡು ಬನ್ನಿ ಅನ್ನುವುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಹಣ ಕಟ್ಟಿಸಿಕೊಳ್ಳುವ ಮುಂಚೆ ಕೈಗೆ ಕೊಡಿ. ದಸರಾ ರಜೆಗೆ ನಿಮ್ಮಲ್ಲಿ ಬುಕ್ ಮಾಡಲು ನಮ್ಮ ಓಣಿಯ ಎರಡು ಮನೆಯವರು ಕೇಳುತ್ತಿದ್ದಾರೆ. ಒಂದು ಮನೆಯಲ್ಲಿ ಎರಡೂವರೆ ವರ್ಷದ ಮಗು ಇದೆ.

ಈ ಪತ್ರ ತಲುಪಿದ 15 ದಿನದ ಒಳಗೆ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯಲ್ಲಿ ಕೊರತೆ ಅಂತ ಇಲ್ಲಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಹೇಗೆ ಮಾಡಬೇಕು ಅಂತ ತಿಳಿದುಕೊಂಡಿದ್ದೇನೆ.

ಬುಕಿಂಗ್ ಫಾರ್ಮ್‌ನ ಫೋಟೋ, ಟಿಕೆಟ್, ಹಣ ಕಟ್ಟಿದ ರಸೀದಿ, ಡಾಕ್ಟರ್ ಬಿಲ್ ಎಲ್ಲದರ ಪ್ರತಿ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕಿ,
ಕಲಬುರಗಿ