ಚಿತ್ರದ ಪಿರಿಯಡ್ ಸಿಕ್ಕ ಗೆಳೆಯನಿಗೆ

ಗೆಳೆಯಾ,

ನಿನ್ನ ಪತ್ರ ಓದಿದೆ. ವಾಡಿ ಹತ್ತಿರದ ಶಾಲೆಯಲ್ಲಿ ಚಿತ್ರಕಲೆಯ ಪಿರಿಯಡ್ಡೂ ನಿನ್ನ ಪಾಲಿಗೇ ಬಂದಿದೆ ಅಂತ ಬರೆದಿದ್ದೀಯ. ‘ನನಗೇ ನೆಟ್ಟಗೆ ಒಂದು ಗೆರೆ ಎಳೆಯಲು ಬರೋದಿಲ್ಲ, ಮಕ್ಕಳಿಗೇನು ಕಲಿಸಲಿ?’ ಅಂತ ಕೇಳಿದ್ದೀಯ. ನನಗಂತೂ ಖುಷಿಯಾಯಿತು. ಬೋರ್ಡಿನ ಮೇಲೆ ನೀನು ಚಿತ್ರ ಬಿಡಿಸಬೇಡ, ಅಷ್ಟು ಸಾಕು.

ಮಕ್ಕಳು ಸುಮ್ನೆ ಬಿಡೋದಿಲ್ಲ. “ಸರ್, ನೀವು ತೆಗೀರಿ, ನಾವು ನೋಡಿ ತೆಗೀತೀವಿ” ಅಂತಾರೆ. ತೆಗೆದುಕೊಟ್ಟೆಯೋ, ಎಲ್ಲರ ಹಾಳೆಯಲ್ಲೂ ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕಕ್ಕೆ ತೆಂಗಿನ ಮರ. ನಿಮ್ಮೂರಲ್ಲಿ ಅಂಥ ಗುಡ್ಡ ಎಲ್ಲಿದೆ? ಅಲ್ಲಿರೋದು ತೊಗರಿ ಹೊಲ, ಕಲ್ಲಿನ ಗಣಿ, ಸಿಮೆಂಟ್ ಫ್ಯಾಕ್ಟರಿ, ಜಂಕ್ಷನ್‌ನಲ್ಲಿ ನಿಂತ ಗೂಡ್ಸ್ ಗಾಡಿ. ಅದನ್ನೇ ನೋಡಿಕೊಂಡು ಬೆಳೆದ ಮಗು ಅದನ್ನೊಂದು ಬಿಟ್ಟು ಬೇರೆಲ್ಲ ಬಿಡಿಸುತ್ತದೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ನನ್ನ ಎರಡನೇ ತರಗತಿಯ ಹುಡುಗಿಯೊಬ್ಬಳು ಅವ್ವನ ಚಿತ್ರ ಬಿಡಿಸಿದ್ದಳು. ತಲೆಗಿಂತ ಕೈಗಳೇ ದೊಡ್ಡವು, ಬೆರಳು ಒಂದೊಂದೂ ಬಿಡಿಬಿಡಿ. “ಕೈ ಯಾಕ ಇಷ್ಟು ದೊಡ್ಡದು?” ಅಂದೆ. “ರೊಟ್ಟಿ ಬಡೀತಾಳಲ್ರೀ ಸರ್” ಅಂದಳು. ಅದನ್ನು ತಿದ್ದೋದುಂಟಾ? ಆರೇಳು ವರ್ಷದ ಮಕ್ಕಳು ಕಂಡದ್ದಕ್ಕಿಂತ ಗೊತ್ತಿರೋದನ್ನೇ ಜಾಸ್ತಿ ಬಿಡಿಸುತ್ತಾರೆ. ಮುಖ್ಯ ಅನಿಸಿದ್ದು ದೊಡ್ಡದಾಗುತ್ತದೆ. ಮನೆಯ ಗೋಡೆಯ ಆಚೆಗಿನ ಒಲೆಯೂ ಕಾಣುತ್ತದೆ, ಟ್ರ್ಯಾಕ್ಟರಿನ ನಾಲ್ಕೂ ಗಾಲಿ ಒಂದೇ ಕಡೆ ಬರುತ್ತವೆ. ಆ ವಯಸ್ಸಿಗೆ ಅದು ಸರಿಯೇ.

ಗಮನ ಕೊಡಬೇಕಾದದ್ದು ನಾಲ್ಕು, ಐದನೇ ತರಗತಿಗೆ. ಒಂಬತ್ತು ಹತ್ತು ವರ್ಷಕ್ಕೆ ಮಕ್ಕಳಿಗೆ ತಮ್ಮ ಚಿತ್ರವೇ ಸಮಾಧಾನ ಆಗೋದಿಲ್ಲ. “ಬರೋಬರಿ ಬರವಲ್ದು” ಅಂತ ಉಜ್ಜಿ ಉಜ್ಜಿ ಹಾಳೆ ಹರಿಯುತ್ತಾರೆ. ಎಷ್ಟೋ ಮಕ್ಕಳು ಚಿತ್ರ ಬಿಡಿಸೋದನ್ನೇ ನಿಲ್ಲಿಸೋದು ಆಗಲೇ. ಅವರಿಗೆ ನೋಡೋದನ್ನು ಕಲಿಸು. ಒಂದು ಸೈಕಲ್ ತಂದು ನಿಲ್ಲಿಸು. ಚೈನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಪೆಡಲ್ ಯಾವುದಕ್ಕೆ ಅಂಟಿದೆ ಅಂತ ಕೈಯಿಟ್ಟು ನೋಡಲಿ. ಆಮೇಲೆ ಪೆನ್ಸಿಲ್ ಕೊಡು.

ಸಾಮಾನಿಗೆ ದುಡ್ಡಿಲ್ಲ ಅಂದೆಯಲ್ಲ, ಶಹಾಬಾದ್ ಪರಸಿಯ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲಿನ, ಊರಲ್ಲಿದ್ದೀಯ! ಒಡೆದ ತುಂಡು ಕೇಳಿ ತಾ. ಸೀಮೆಸುಣ್ಣದಲ್ಲಿ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದು. ಇದ್ದಿಲು, ಇಟ್ಟಿಗೆ ಪುಡಿ, ಎರೆ ಮಣ್ಣು ಇದ್ದೇ ಇದೆ. ಹಾಳೆಗೆ ಅರಿಶಿನ ನೀರು ಬಳಿದು ಒಣಗಿಸು. ಬಟ್ಟೆ ಸಾಬೂನಿನ ನೀರಲ್ಲಿ ಕಡ್ಡಿ ಅದ್ದಿ ಅದರ ಮೇಲೆ ಗೆರೆ ಎಳೆದರೆ ಕೆಂಪಗೆ ಮೂಡುತ್ತದೆ. ಮಕ್ಕಳ ಮುಖ ಆಗ ನೋಡಬೇಕು ನೀನು.

ಸನ್ನತಿ ಪಕ್ಕದ ಕನಗನಹಳ್ಳಿಯೂ ನಿಮ್ಮ ಚಿತ್ತಾಪುರ ತಾಲೂಕಿನದೇ. ಅಲ್ಲಿಯ ಬೌದ್ಧ ಸ್ತೂಪದಲ್ಲಿ ರಾಜನ ಶಿಲ್ಪವೊಂದು ಸಿಕ್ಕಿದೆ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’, ಅಂದರೆ ರಾಜ ಅಶೋಕ, ಅಂತ ಕೆತ್ತಿದ್ದಾರೆ. ಮಕ್ಕಳು ಚಿತ್ರದ ಕೆಳಗೆ ‘ಅವ್ವ’ ಅಂತ ಬರೆದಾಗ “ಚಿತ್ರಕ್ಕೆ ಹೆಸರು ಯಾಕೆ?” ಅನ್ನೋರಿಗೆ ನಾನು ಈ ಕಲ್ಲನ್ನೇ ತೋರಿಸೋದು. ಒಮ್ಮೆ ಐದನೇ ತರಗತಿಯನ್ನು ಕರೆದುಕೊಂಡು ಹೋಗು.

ಒಂದನೇ ನಂಬರು, ಎರಡನೇ ನಂಬರು ಅಂತ ಮಾತ್ರ ಕೊಡಬೇಡ. ಎಲ್ಲರ ಚಿತ್ರವನ್ನೂ ಗೋಡೆಗೆ ಹಚ್ಚು, ಅವರ ಕಣ್ಣಿಗೆ ನಿಲುಕುವಷ್ಟು ಕೆಳಗೆ. ಚಿತ್ರದ ಬಗ್ಗೆ ಮಗು ಹೇಳಿದ್ದನ್ನು ಅದರ ಮಾತಲ್ಲೇ ಹಾಳೆಯ ಹಿಂದೆ ಬರೆದಿಡು. ದೀಪಾವಳಿಗೆ ಕಲಬುರಗಿಗೆ ಬರುವಾಗ ಆ ಹಾಳೆಗಳನ್ನು ತಾ, ಕೂತು ಓದೋಣ.

ನಿನ್ನ ಗೆಳೆಯ