ಕಡಲಿಗೆ ಎಣ್ಣೆ ಬಿದ್ದ ಮಾರನೇ ದಿನ ದುಡ್ಡು ಯಾರು ಕೊಡ್ತಾರೆ? ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಮತ್ತು ಬಂದರು ಸಚಿವರಿಗೆ,

ನಮಸ್ಕಾರ.

ಮಳೆಗಾಲ ಬಂತು ಅಂದರೆ ನಮ್ಮ ಕಡೆ ಬಾಗಿಲ ಮೂಲೆಯಲ್ಲಿ ಒಂದು ಸೀಮೆಎಣ್ಣೆ ಬಾಟಲಿ, ಒಂದು ಹಳೇ ಬಟ್ಟೆ ಇರುತ್ತಿತ್ತು. ದಂಡೆಗೆ ಹೋಗಿ ಬಂದವರ ಅಂಗಾಲಿಗೆ ಡಾಂಬರಿನಂಥ ಕರಿ ಜಿಡ್ಡು ಮೆತ್ತಿಕೊಂಡಿರುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಜಪ್ಪಯ್ಯ ಅನ್ನುವುದಿಲ್ಲ. ಈಗ ಸೀಮೆಎಣ್ಣೆ ಸಿಗೋದು ಕಷ್ಟ, ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತೇವೆ. ಅದರ ರೇಟು ನಿಮಗೂ ಗೊತ್ತಲ್ಲ! ಈ ಜಿಡ್ಡು ಯಾವ ಹಡಗಿನದ್ದು ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ.

ಇದು ಚಿಲ್ಲರೆ ಸಂಗತಿ, ಬಿಡಿ. ದೊಡ್ಡದೂ ಆಗಿದೆ. 2006ರ ಮೇ 30ರಂದು ಓಷನ್ ಸೆರಾಯಾ ಅನ್ನುವ ಹಡಗು ಕಾರವಾರದ ಎದುರಿನ ಆಯ್ಸ್ಟರ್ ರಾಕ್ ಬಂಡೆಗೆ ಬಡಿದು ಒಡೆಯಿತು. ಅದರಲ್ಲಿ ಸುಮಾರು 650 ಟನ್ ಎಣ್ಣೆ ಇತ್ತು. ಕಾರವಾರದ ದಂಡೆಗೂ ಬಂತು, ಗೋವಾದ ದಂಡೆಗೂ ಹೋಯಿತು. 2022ರ ಜೂನ್‌ನಲ್ಲಿ ಉಳ್ಳಾಲದ ಎದುರು ಪ್ರಿನ್ಸೆಸ್ ಮಿರಾಲ್ ಅನ್ನುವ ಸರಕು ಹಡಗು ತಳ ತಾಗಿ ಕೂತಿತು. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಅನ್ನುವ ಕಂಟೇನರ್ ಹಡಗು ಮುಳುಗಿತು. 640 ಕಂಟೇನರ್, 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್. ಹದಿನೈದೇ ದಿನಕ್ಕೆ ಕೇರಳದ ಎದುರೇ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಪಾರಾದ 18 ಮಂದಿಯನ್ನು ತಂದು ಇಳಿಸಿದ್ದು ನಮ್ಮ ಮಂಗಳೂರಿನಲ್ಲೇ. ಕಡಲಿಗೆ ಗಡಿ ಕಲ್ಲು ನೆಟ್ಟವರಿಲ್ಲ, ಅಲ್ವಾ?

ನನ್ನ ಪ್ರಶ್ನೆ ಒಂದೇ. ಎಣ್ಣೆ ಬಿದ್ದ ಮಾರನೇ ದಿನ ದುಡ್ಡು ಯಾರ ಕೈಯಿಂದ ಬರುತ್ತದೆ?

ಹಡಗಿನ ಮಾಲೀಕ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ, ಸರಿ. ಆದರೆ ಅದರಲ್ಲೂ ಪಂಕ್ತಿಭೇದ ಇದೆ. ತೈಲ ಸಾಗಿಸುವ ಟ್ಯಾಂಕರ್ ಹಡಗಿನಿಂದ ಕಚ್ಚಾ ತೈಲ ಸೋರಿದರೆ ಮಾಲೀಕನ ವಿಮೆಯ ಮೇಲೆ ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ನಿಧಿಯೂ ಇದೆ. ವರ್ಷಕ್ಕೆ 1.5 ಲಕ್ಷ ಟನ್‌ಗಿಂತ ಜಾಸ್ತಿ ತೈಲ ಕಡಲ ಮೂಲಕ ತರಿಸುವ ಕಂಪನಿಗಳು ಅದಕ್ಕೆ ದುಡ್ಡು ಕಟ್ಟುತ್ತವೆ. ಭಾರತವೂ ಅದರ ಸದಸ್ಯ. ಎಲ್ಲ ಸೇರಿ ಒಂದು ಅವಘಡಕ್ಕೆ 2,000 ಕೋಟಿ ರೂಪಾಯಿಗೂ ಜಾಸ್ತಿ ಸಿಗಬಹುದು. ಆದರೆ ಓಷನ್ ಸೆರಾಯಾ, ಮಿರಾಲ್, ಎಲ್ಸಾ ಯಾವುದೂ ಟ್ಯಾಂಕರ್ ಅಲ್ಲ. ಅಂಥ ಹಡಗು ಓಡುವುದಕ್ಕೆ ತುಂಬಿಸಿಕೊಂಡ ಎಣ್ಣೆ ಸೋರಿದರೆ ಈ ನಿಧಿ ತಿರುಗಿಯೂ ನೋಡುವುದಿಲ್ಲ. ಮಾಲೀಕನ ವಿಮೆಯೇ ಗತಿ. ಅದಕ್ಕೂ ಹಡಗಿನ ಗಾತ್ರ ನೋಡಿ ಮಿತಿ ಹಾಕಿಸಿಕೊಳ್ಳಲು ಮಾಲೀಕ ಕೋರ್ಟಿಗೆ ಹೋಗಬಹುದು. ದಂಡೆಯಲ್ಲಿ ನಿಂತವನಿಗೆ ಎರಡೂ ಒಂದೇ ಕರಿ ಎಣ್ಣೆ.

ಕೇರಳ ಏನು ಮಾಡಿತು ನೋಡಿ. ಎಲ್ಸಾ ಮುಳುಗಿದ್ದನ್ನು ರಾಜ್ಯದ ವಿಪತ್ತು ಅಂತ ಘೋಷಿಸಿತು. ಮೀನುಗಾರ ಕುಟುಂಬಕ್ಕೆ 1,000 ರೂಪಾಯಿ, 6 ಕೆಜಿ ಅಕ್ಕಿ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ 9,531 ಕೋಟಿಯ ದಾವೆ ಹೂಡಿತು, ಅದೇ ಕಂಪನಿಯ ಇನ್ನೊಂದು ಹಡಗನ್ನು ತಡೆಹಿಡಿಸಿತು. ಈ ಗಟ್ಟಿತನ ನನಗೆ ಇಷ್ಟವಾಯಿತು. ಆದರೆ ಆ 9,531 ಕೋಟಿಯಲ್ಲಿ ಮೀನುಗಾರರ ನಷ್ಟ ಅಂತ ತೋರಿಸಿದ್ದು 526 ಕೋಟಿ. 2025ರ ಸೆಪ್ಟೆಂಬರ್‌ನಲ್ಲಿ ಕೋರ್ಟು, ತಡೆಹಿಡಿದ ಹಡಗು ಬಿಡಿಸಿಕೊಳ್ಳಲು ಕಂಪನಿ ಇಡಬೇಕಾದ ಭದ್ರತೆಯ ಮೊತ್ತವನ್ನು 1,227 ಕೋಟಿಗೆ ಇಳಿಸಿತು. ಕೇಸು ಮುಗಿಯುವವರೆಗೆ 1,000 ರೂಪಾಯಿ, 6 ಕೆಜಿ ಅಕ್ಕಿಯಲ್ಲಿ ಒಂದು ಸಂಸಾರ ಎಷ್ಟು ದಿನ ದೂಡಬಹುದು ಅಂತ ನೀವೇ ಹೇಳಿ.

ತಮಿಳುನಾಡು ಸ್ವಲ್ಪ ವಾಸಿ. 2023ರ ಡಿಸೆಂಬರ್‌ನಲ್ಲಿ ಚೆನ್ನೈ ಹತ್ತಿರದ ಎಣ್ಣೂರಿನ ಅಳಿವೆಗೆ ತೈಲ ಸೇರಿದಾಗ ಸರ್ಕಾರವೇ ಮೊದಲು ಗಂಟು ಬಿಚ್ಚಿತು. ಜಾಸ್ತಿ ಹೊಡೆತ ತಿಂದ ಕುಟುಂಬಕ್ಕೆ 12,500 ರೂಪಾಯಿ ಕೊಟ್ಟಿತು.

ಅಮೆರಿಕದವರು ಇದಕ್ಕೊಂದು ಪದ್ಧತಿ ಮಾಡಿಕೊಂಡಿದ್ದಾರೆ. 1989ರಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಟ್ಯಾಂಕರ್ ಒಡೆದ ಮೇಲೆ, 1990ರ ಕಾಯ್ದೆಯಲ್ಲಿ ಒಂದು ನಿಧಿಗೆ ಜೀವ ಕೊಟ್ಟರು. ಇತ್ತೀಚಿನ ವರ್ಷಗಳಲ್ಲಿ ಅದಕ್ಕೆ ತೈಲದ ಮೇಲೆ ಬ್ಯಾರೆಲ್‌ಗೆ 9 ಸೆಂಟ್ ತೆರಿಗೆ ಹಾಕಿದರು. ಸೋರಿಕೆ ಆದ ಕೂಡಲೇ ಅವರ ಕರಾವಳಿ ಪಡೆ ನಿಧಿಯಿಂದ ದುಡ್ಡು ತೆಗೆದು ಸ್ವಚ್ಛತೆಗೆ ಇಳಿಯುತ್ತದೆ. ನಷ್ಟ ಆದವರು ಮೊದಲು ಹಡಗಿನವರನ್ನು ಕೇಳಬೇಕು. 90 ದಿನದಲ್ಲಿ ಇತ್ಯರ್ಥ ಆಗಲಿಲ್ಲವೋ, ನಿಧಿಗೆ ಅರ್ಜಿ ಹಾಕಬಹುದು. ಕೊಟ್ಟದ್ದನ್ನು ಹಡಗಿನವರಿಂದ ಕಿತ್ತುಕೊಳ್ಳುವ ತಲೆನೋವು ಸರ್ಕಾರದ್ದು. ಎಣ್ಣೆ ಯಾರದ್ದು ಅಂತಲೇ ಗೊತ್ತಾಗದಿದ್ದರೂ ನಿಧಿ ಕೊಡುತ್ತದೆ. ನಮ್ಮ ಅಂಗಾಲಿನ ಜಿಡ್ಡು ನೆನಪಾಯಿತು ನನಗೆ.

ನಮ್ಮಲ್ಲೂ ಇಂಥದ್ದರ ಬೀಜ ಇತ್ತು. 1958ರ ಹಳೇ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿ ಹಡಗಿನಲ್ಲಿ ಬರುವ ತೈಲಕ್ಕೆ ಮಾಲಿನ್ಯ ಸೆಸ್ ಅಂತ ಇಟ್ಟಿದ್ದರು. ಎಷ್ಟು? ಟನ್‌ಗೆ 50 ಪೈಸೆ ಮೀರಬಾರದು! ಅಮೆರಿಕದ 9 ಸೆಂಟನ್ನು ಟನ್ ಲೆಕ್ಕಕ್ಕೆ ತಂದರೆ 50 ರೂಪಾಯಿಗೂ ಜಾಸ್ತಿ ಆಗುತ್ತದೆ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ವರ್ಷಕ್ಕೆ ಸಂಸ್ಕರಿಸಬಲ್ಲದ್ದು 1.5 ಕೋಟಿ ಟನ್. ಅಷ್ಟೂ ಹಡಗಿನಲ್ಲೇ ಬಂತು ಅಂದುಕೊಂಡರೂ 50 ಪೈಸೆಯಂತೆ 75 ಲಕ್ಷ. ಆ ಕಾಯ್ದೆಯಲ್ಲಿ ಅದೂ ಹೋಗಬೇಕಾಗಿದ್ದದ್ದು ದೇಶದ ಬೊಕ್ಕಸಕ್ಕೆ, ಖರ್ಚಿನ ಬಾಬ್ತು ಬಂದರಿನ ಸಲಕರಣೆಗೆ. ಬಲೆ ಹಾಳಾದವನಿಗೆ ಅದರಲ್ಲಿ ಪಾಲಿರಲಿಲ್ಲ. ಸೆಸ್ ದಿಲ್ಲಿಯ ವಿಷಯ, ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ದಿಲ್ಲಿಗೆ ಒಂದು ಕಾಗದ ಬರೆಯುವುದು ನಿಮ್ಮ ಕೈಯಲ್ಲಿದೆ.

ನಿಮ್ಮ ಕೈಯಲ್ಲೇ ಇರುವುದು ಇನ್ನೂ ಇದೆ. ತೈಲ ಸೋರಿಕೆ ನಿಭಾಯಿಸುವ ರಾಷ್ಟ್ರೀಯ ಯೋಜನೆಯ ಪ್ರಕಾರ ಕಡಲಿನಲ್ಲಿ ಎಣ್ಣೆ ತಡೆಯುವ ಹೊಣೆ ಕೋಸ್ಟ್ ಗಾರ್ಡ್‌ನದ್ದು, ದಂಡೆಗೆ ಬಂದ ಮೇಲೆ ರಾಜ್ಯದ್ದು. ರಾಜ್ಯ ವಿಪತ್ತು ನಿಧಿಯ 10% ಹಣವನ್ನು ರಾಜ್ಯವೇ ಗುರುತಿಸಿದ ವಿಪತ್ತುಗಳಿಗೆ ಬಳಸಬಹುದು. ತೈಲ ಸೋರಿಕೆಯನ್ನು ಆ ಪಟ್ಟಿಯಲ್ಲಿ ಈಗಲೇ ಬರೆದಿಡಿ. ಹಡಗು ಮುಳುಗಿದ ಮೇಲೆ ಫೈಲು ಓಡಿಸುವುದು ಬೇಡ. ಅದರ ಜೊತೆಗೆ ಒಂದು ಆವರ್ತ ನಿಧಿ ಮಾಡಿ. ಹತ್ತೋ ಇಪ್ಪತ್ತೋ ಕೋಟಿ ಸಾಕು. ವಾರದೊಳಗೆ ಮೀನುಗಾರರ ಖಾತೆಗೆ ಹಾಕಿ, ಆಮೇಲೆ ಕೋರ್ಟಿಗೆ ಹೋಗಿ ಹಡಗಿನವರ ಹತ್ತಿರ ವಸೂಲಿ ಮಾಡಿ ಮತ್ತೆ ತುಂಬಿಸಿ. ಕಡಲಿನಲ್ಲಿ ತೀರಿಕೊಂಡವರ ಮನೆಗೆ ನಿಮ್ಮ ಇಲಾಖೆಯೇ ಸಂಕಷ್ಟ ಪರಿಹಾರ ನಿಧಿಯಿಂದ ಕೊಡುತ್ತದೆ. ಬದುಕಿದವರಿಗೂ ಒಂದು ಬಾಗಿಲು ಇರಲಿ.

ಇನ್ನೊಂದು ಮಾತಿದೆ, ನನಗೆ ಅದೇ ಮುಖ್ಯ.

ಅಘನಾಶಿನಿ ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ತೆಗೆಯುವ ಅಕ್ಕ ಒಬ್ಬರಿದ್ದಾರೆ. ನೀರು ಇಳಿದ ಹೊತ್ತು ನೋಡಿಕೊಂಡು ಸೊಂಟದವರೆಗೆ ಇಳಿದು, ಕಾಲಲ್ಲೇ ಕೆಸರು ತಡಕಿ ಬುಟ್ಟಿ ತುಂಬಿಸುತ್ತಾರೆ. ದಿನಕ್ಕೆ ಎಷ್ಟು ಬುಟ್ಟಿ ಕೊಟ್ಟೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮನೆಯೊಳಗೆ ಗೀಟು ಎಳೆಯುತ್ತಾರೆ. ಎರಡು ಬುಟ್ಟಿಗೆ ಎರಡು ಗೀಟು. ಹೋಗದ ದಿನ ಒಂದು ಸೊನ್ನೆ. ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರ್ ಮೊಮ್ಮಕ್ಕಳ ಪುಸ್ತಕಕ್ಕೆ ಬೈಂಡ್ ಆಗುತ್ತದೆ. ಎಣ್ಣೆ ಬಂದು ಬಳಚು ಸತ್ತರೆ ಅಕ್ಕನ ದಾಖಲೆ ಅಂದರೆ ಅಷ್ಟೇ.

ವಿಮೆಯವರ ವಕೀಲರು ಕೇಳುವುದೇ ದಾಖಲೆ. ಹೋದ ವರ್ಷ ಎಷ್ಟು ಹಿಡಿದಿರಿ, ಬಿಲ್ ಎಲ್ಲಿ? ಮೇ ಕೊನೆಯಲ್ಲೋ ಜೂನ್‌ನಲ್ಲೋ ಹಡಗು ಒಡೆದರೆ ಇನ್ನೊಂದು ಮಾತೂ ಬರುತ್ತದೆ: ಜೂನ್, ಜುಲೈ ಹೇಗೂ ಮೀನುಗಾರಿಕೆ ರಜೆ, ನಿಮಗೆ ನಷ್ಟ ಎಲ್ಲಿ? ರಜೆ ಇರುವುದು ಯಾಂತ್ರಿಕ ಬೋಟುಗಳಿಗೆ. ನಾಡದೋಣಿಯವರಿಗೆ ವರ್ಷದ ದುಡಿಮೆ ಇರುವುದೇ ಮಳೆಗಾಲದಲ್ಲಿ. ಬೋಟಿನವರಿಗೆ ಡೀಸೆಲ್ ಸಬ್ಸಿಡಿಯ ಪುಸ್ತಕ ಇದೆ, ಹರಾಜಿನ ಚೀಟಿ ಇದೆ. ನಾಡದೋಣಿಯವರಿಗೆ, ದಂಡೆಯಿಂದ ಕೈರಂಪಣಿ ಬಲೆ ಎಳೆಯುವವರಿಗೆ, ಪಾಲು ಹಾಕಿ ಮೀನು ಮಾರುವ ಹೆಂಗಸರಿಗೆ, ಬಳಚಿನ ಅಕ್ಕನಿಗೆ ಏನಿದೆ? ಹಡಗಿನ ಇಂಧನ ಸೋರಿದ ಪ್ರಕರಣದಲ್ಲಿ ದಾವೆ ಹೂಡಲು ನಷ್ಟವಾದ ದಿನದಿಂದ ಮೂರೇ ವರ್ಷ. ದಾಖಲೆ ಹುಡುಕುವುದರಲ್ಲೇ ಅದು ಕಳೆದುಹೋಗುತ್ತದೆ.

ಹಾಗಾಗಿ ಇವರಿಗೆಲ್ಲ ಒಂದು ಪಾಸ್‌ಬುಕ್ ಕೊಡಿ. ದಿನಕ್ಕೆ ಹಿಡಿದದ್ದು ಎಷ್ಟು, ಮಾರಿದ ರೇಟು, ತಿಂಗಳಿಗೊಮ್ಮೆ ಸೊಸೈಟಿಯ ಅಥವಾ ಇಲಾಖೆಯ ಒಂದು ಸೀಲು. ಮೊಬೈಲ್ ಆ್ಯಪ್ ಬೇಡ ದಯವಿಟ್ಟು. ಒದ್ದೆ ಕೈಯಲ್ಲಿ ಅದು ನಡೆಯುವುದಿಲ್ಲ. ಲಂಡನ್ ನಿಧಿಯಾಗಲಿ, ವಿಮೆಯಾಗಲಿ, ನಿಮ್ಮದೇ ನಿಧಿಯಾಗಲಿ, ದುಡ್ಡು ಕೊಡುವ ಮುಂಚೆ ಎಲ್ಲರೂ ನೋಡುವುದು ಆ ಪುಸ್ತಕವನ್ನೇ.

ಈ ವರ್ಷದ ಕ್ಯಾಲೆಂಡರ್ ಬೈಂಡಿಗೆ ಕೊಡಬೇಡಿ, ಎತ್ತಿಡಿ ಅಂತ ಅಕ್ಕನಿಗೆ ಹೇಳಿ ಬಂದಿದ್ದೇನೆ. "ಯಾಕೆ, ಯಾರು ಕೇಳ್ತಾರೆ ಅದನ್ನ?" ಅಂದರು. ನಿಮ್ಮ ಉತ್ತರ ಬಂದರೆ ಅವರಿಗೆ ಓದಿ ಹೇಳುತ್ತೇನೆ.

ಇಂತಿ,
ಕುಮಟಾ ಕಡೆಯ ಒಬ್ಬ ಮತದಾರ