ಮೊಳೆಗೆ ತೂಗುಹಾಕಿದ ಚೀಲ

ಕುಶಾಲನಗರ
ಜನವರಿ ಕೊನೆ

ಪ್ರೀತಿಯ ಗೆಳೆಯಾ,

ಎರಡು ತಿಂಗಳ ಹಿಂದೆಯೇ ಬರೆಯಬೇಕಾಗಿದ್ದ ಪತ್ರ ಇದು. ಅವ್ವನ ತಿಥಿಯ ಮರುದಿನ ನಿಮ್ಮ ಅಡುಗೆಮನೆ ಬಾಗಿಲ ಹಿಂದೆ, ಮೊಳೆಗೆ ತೂಗುಹಾಕಿದ್ದ ಅವರ ಕಾಫಿ ಕೊಯ್ಯುವ ಚೀಲ ನೋಡಿ, "ಇದನ್ನ ಯಾಕೋ ಇನ್ನೂ ಇಟ್ಕೊಂಡಿದ್ದೀಯ? ತೆಗೆದುಬಿಡು. ಎಲ್ಲಾ ಅನಿತ್ಯ ಅಲ್ವಾ" ಅಂದಿದ್ದೆ. ನೀನು ಮಾತಾಡಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕಣದ ಕಡೆ ಹೋದೆ. ನಾನು ಹೊರಡುವವರೆಗೂ ಒಳಗೆ ಬರಲಿಲ್ಲ. ಬಸ್ಸಿನಲ್ಲಿ ಸುಂಟಿಕೊಪ್ಪ ದಾಟುವಷ್ಟರಲ್ಲಿ ನನಗೆ ತಪ್ಪು ಗೊತ್ತಾಗಿತ್ತು. ಫೋನ್ ಮಾಡುವ ಧೈರ್ಯ ಬರಲಿಲ್ಲ.

ಆ ಚೀಲ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕಿ ಚೀಲ ಕತ್ತರಿಸಿ ಹೊಲಿದದ್ದು, ಸೊಂಟಕ್ಕೆ ಕಟ್ಟುವ ಪಟ್ಟಿ ಅವರದೇ ಹಳೇ ಸೀರೆಯ ಅಂಚು. ಬಾಯಿಯ ಹತ್ತಿರ ವರ್ಷ ವರ್ಷದ ಹಣ್ಣಿನ ಅಂಟು ಒಣಗಿ ಕಪ್ಪಗೆ ಗಟ್ಟಿಯಾಗಿತ್ತು. ಒಂದು ಕಡೆ ಹೊಲಿಗೆ ಬಿಟ್ಟಲ್ಲಿ ಗೋಣಿದಾರ ಹಾಕಿದ್ದರು, ಅದರ ಗಂಟು ಮಾತ್ರ ಇನ್ನೂ ಬಿಳಿಯಾಗಿಯೇ ಇತ್ತು. ಅದು ಕೊನೇ ವರ್ಷ ಹಾಕಿದ ಹೊಲಿಗೆ ಇರಬೇಕು.

ಅಂಟು ಅಂದೆನಲ್ಲ, ಅಲ್ಲೇ ನಾನು ಎಡವಿದ್ದು. ಕಾಫಿ ಹಣ್ಣಿನ ಲೋಳೆಗೂ ಮನಸ್ಸಿನ ಮೋಹಕ್ಕೂ ಕನ್ನಡದಲ್ಲಿ ಒಂದೇ ಮಾತು. ಅಂಟು ಅಂದಕೂಡಲೇ ಉಜ್ಜಿ ತೆಗೆಯಬೇಕು, ಕಿತ್ತೆಸೆಯಬೇಕು ಅನ್ನಿಸುತ್ತದೆ. ಬುದ್ಧನ ಮಾತುಗಳು ಉಳಿದಿರುವ ಪಾಲಿ ಭಾಷೆಯಲ್ಲಿ ಇದಕ್ಕೆ ಇರುವ ಪದ ಉಪಾದಾನ. ಅದಕ್ಕೆ ಹಿಡಿದುಕೊಳ್ಳುವುದು ಅನ್ನುವ ಅರ್ಥವೂ ಇದೆ, ಬೆಂಕಿಗೆ ಹಾಕುವ ಸೌದೆ ಅನ್ನುವ ಅರ್ಥವೂ ಇದೆ. ನಿರ್ವಾಣ ಅಂದರೆ ಆರುವುದು. ಸೌದೆ ಹಾಕದಿದ್ದರೆ ಬೆಂಕಿ ತಾನಾಗಿ ಆರುತ್ತದೆ, ಒಲೆಯನ್ನು ಒಡೆಯಬೇಕಾಗಿಲ್ಲ. ಇದು ತಿಳಿದ ಮೇಲೆ ನಿನ್ನ ಚೀಲದ ವಿಷಯ ನನಗೆ ಬೇರೆಯಾಗಿಯೇ ಕಂಡಿತು. ಮೊಳೆಯಲ್ಲಿರುವ ಚೀಲ ಸೌದೆಯಲ್ಲ ಕಣೋ. ಅದನ್ನು ನೋಡಿ ನಿನ್ನ ಕಣ್ಣಲ್ಲಿ ನೀರು ಬಂದರೆ ಅದೂ ಸೌದೆಯಲ್ಲ. "ಒಂದು ವಾರ ಮುಂಚೆ ಮೈಸೂರಿಗೆ ಕರ್ಕೊಂಡು ಹೋಗಿದ್ರೆ" ಅಂತ ನಡುರಾತ್ರಿ ಎದ್ದು ಕೂತು ನಿನ್ನನ್ನೇ ನೀನು ಸುಡುತ್ತೀಯಲ್ಲ, ಅದು ಸೌದೆ. ಅವತ್ತು ನಾನು ಆ ರಾತ್ರಿಗಳ ಬಗ್ಗೆ ಕೇಳಬೇಕಿತ್ತು. ಚೀಲದ ಬಗ್ಗೆ ಮಾತಾಡಿದೆ.

ಹೋದ ವಾರ ಹೊಳೆ ದಾಟಿ ಬೈಲುಕುಪ್ಪೆಗೆ ಹೋಗಿದ್ದೆ. ಸ್ವರ್ಣಮಂದಿರಕ್ಕಲ್ಲ, ಸೆರಾ ಮಠಕ್ಕೆ. 1419ರಲ್ಲಿ ಟಿಬೆಟ್ಟಿನ ಲ್ಹಾಸಾ ಹತ್ತಿರ ಶುರುವಾದ ಮಠ ಅದು, ಊರು ಬಿಟ್ಟು ಬಂದ ಭಿಕ್ಷುಗಳು ಇಲ್ಲಿ ಮತ್ತೆ ಕಟ್ಟಿಕೊಂಡರು. ಸಂಜೆ ಅಂಗಳದಲ್ಲಿ ವಾದ ನಡೆಯುತ್ತಿತ್ತು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುವಾಗ ಎಡಗಾಲು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡಗೈಗೆ ಹೊಡೆದು ಹಿಂದಕ್ಕೆಳೆಯುತ್ತಾನೆ. ನೂರಾರು ಜನರ ಚಪ್ಪಾಳೆ, ಕೂಗು. ಮಾತಿಗೆ ನಿಲುಕದ್ದು ಅಂತ ಇವರೇ ಹೇಳುವ ವಿಷಯಕ್ಕೆ ಇಷ್ಟೊಂದು ಮಾತು ಯಾಕೆ ಅಂತ, ಕೊಪ್ಪದ ಅಂಗಡಿಯಲ್ಲಿ ಪರಿಚಯವಾಗಿದ್ದ ಭಿಕ್ಷುವೊಬ್ಬರನ್ನು ಕೇಳಿದೆ. ಅವರು ಚಂದ್ರಕೀರ್ತಿ ಕೊಟ್ಟ ದೃಷ್ಟಾಂತವನ್ನು ಕನ್ನಡದಲ್ಲೇ ಹೇಳಿದರು. ಸುಮಾರು 1400 ವರ್ಷಗಳ ಹಿಂದೆ ಶೂನ್ಯತೆಯ ಬಗ್ಗೆ ಬರೆದ ಬೌದ್ಧ ಆಚಾರ್ಯ ನಾಗಾರ್ಜುನನ ಕಾರಿಕೆಗಳಿಗೆ, ಅಂದರೆ ಚುಟುಕು ಪದ್ಯಗಳಿಗೆ, ವ್ಯಾಖ್ಯಾನ ಬರೆದವನು ಚಂದ್ರಕೀರ್ತಿ. ಒಬ್ಬ ಅಂಗಡಿಯವನು "ನಿನಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ" ಅಂದನಂತೆ. ಗಿರಾಕಿ, "ಆಯ್ತು, ಆ ಏನೂ ಇಲ್ಲ ಅನ್ನೋದನ್ನೇ ಕೊಡು" ಅಂದನಂತೆ.

ಎಲ್ಲ ಅಭಿಪ್ರಾಯಗಳ ಹಿಡಿತ ಬಿಡಿಸುವುದಕ್ಕೆ ಶೂನ್ಯತೆಯ ಮಾತು, ಅಂದರೆ ಯಾವುದಕ್ಕೂ ತನ್ನದೇ ಆದ ಸ್ವತಂತ್ರ ಸ್ವಭಾವವಿಲ್ಲ ಅನ್ನುವ ಮಾತು ಬಂತು, ಅದನ್ನೇ ಒಂದು ಅಭಿಪ್ರಾಯ ಮಾಡಿಕೊಂಡವರಿಗೆ ಮದ್ದಿಲ್ಲ ಅನ್ನುತ್ತಾನೆ ನಾಗಾರ್ಜುನ. ನಾನು ಮಾಡಿದ್ದೂ ಆ ಗಿರಾಕಿಯ ಕೆಲಸವೇ. ಅನಿತ್ಯ ಅನ್ನುವ ಮಾತನ್ನು ಪೊಟ್ಟಣ ಕಟ್ಟಿಸಿಕೊಂಡು ನಿಮ್ಮ ಮನೆಗೆ ತಂದಿದ್ದೆ. ಧರ್ಮದ ಮಾತನ್ನು ತಪ್ಪಾಗಿ ಹಿಡಿಯುವುದು ಹಾವನ್ನು ಬಾಲದಲ್ಲಿ ಹಿಡಿದ ಹಾಗೆ ಅಂತ ಬುದ್ಧನೇ ಎಚ್ಚರಿಸಿದ್ದ. ಹಿಡಿದವನಿಗೇ ಕಚ್ಚುತ್ತದೆ ಅಂದಿದ್ದ. ಆ ದಿನ ಮಾತ್ರ ಹಿಡಿದವನು ನಾನು, ಕಚ್ಚಿಸಿಕೊಂಡವನು ನೀನು.

ಇನ್ನೊಂದು ಪ್ರಸಂಗ ಹೇಳಲೇಬೇಕು, ಅದಕ್ಕಾಗಿಯೇ ಈ ಪತ್ರ. ಬುದ್ಧನ ಸುತ್ತಗಳ, ಅಂದರೆ ಉಪದೇಶಗಳ, ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿದೆ. ಬುದ್ಧನ ಶಿಷ್ಯರಲ್ಲಿ ಪ್ರಜ್ಞೆಯಲ್ಲಿ ಮೊದಲಿಗ ಅನಿಸಿಕೊಂಡವನು ಸಾರಿಪುತ್ತ. ಅವನು ಮಗಧದ ನಾಲಕ ಅನ್ನುವ ಹಳ್ಳಿಯಲ್ಲಿ ತೀರಿಕೊಂಡ. ಕೊನೆಯಲ್ಲಿ ಜೊತೆಗಿದ್ದು ಉಪಚಾರ ಮಾಡಿದವನು ಚುಂದ ಅನ್ನುವ ಕಿರಿಯ. ಅವನು ಸಾರಿಪುತ್ತನ ಭಿಕ್ಷಾಪಾತ್ರೆ ಮತ್ತು ಚೀವರ, ಅಂದರೆ ಭಿಕ್ಷುವಿನ ಬಟ್ಟೆ, ಹೊತ್ತುಕೊಂಡು ಶ್ರಾವಸ್ತಿಗೆ ಬಂದ. ಭಂತೇ, ಅವರು ಹೋದರು, ಇದು ಅವರ ಪಾತ್ರೆ, ಇದು ಅವರ ಚೀವರ ಅಂತ ಬುದ್ಧನ ಆಪ್ತ ಶಿಷ್ಯ ಆನಂದನ ಮುಂದಿಟ್ಟ. ಬುದ್ಧನ ಹತ್ತಿರ ಹೋದಾಗ ಆನಂದ, ಸುದ್ದಿ ಕೇಳಿದಾಗಿನಿಂದ ಮೈ ಸ್ವಾಧೀನದಲ್ಲಿಲ್ಲ, ದಿಕ್ಕೇ ತೋಚುತ್ತಿಲ್ಲ ಅಂದ. ಧರ್ಮವೂ ಹೊಳೆಯುತ್ತಿಲ್ಲ ಅಂದ. ಅಷ್ಟು ವರ್ಷ ಬುದ್ಧನ ಪಕ್ಕದಲ್ಲೇ ಇದ್ದವನ ಮಾತು ಇದು.

ಬುದ್ಧ ಬೈಯಲಿಲ್ಲ. ಸಾರಿಪುತ್ತ ಹೋಗುವಾಗ ನಿನ್ನ ಶೀಲವನ್ನು ತೆಗೆದುಕೊಂಡು ಹೋದನಾ, ಸಮಾಧಿಯನ್ನು ಅಂದರೆ ಮನಸ್ಸಿನ ಏಕಾಗ್ರತೆಯನ್ನು, ಪ್ರಜ್ಞೆಯನ್ನು ತೆಗೆದುಕೊಂಡು ಹೋದನಾ ಅಂತ ಕೇಳಿದ. ಇಲ್ಲ, ಆದರೆ ಅವನು ನಮಗೆ ಬುದ್ಧಿ ಹೇಳುತ್ತಿದ್ದ, ದಾರಿ ತೋರಿಸುತ್ತಿದ್ದ, ಜೊತೆಯವರಿಗೆ ನೆರವಾಗುತ್ತಿದ್ದ, ಅದು ನೆನಪಾಗುತ್ತದೆ ಅಂದ ಆನಂದ. ಹುಟ್ಟಿದ್ದು ಅಳಿಯದೆ ಇರುವುದು ಹೇಗೆ ಸಾಧ್ಯ ಅನ್ನುವ ಮಾತು ಅಲ್ಲೂ ಬರುತ್ತದೆ, ನಿಜ. ಆದರೆ ಆನಂದ ತನ್ನದನ್ನೆಲ್ಲ ಹೇಳಿಕೊಂಡ ಮೇಲೆ ಬರುತ್ತದೆ. ಆ ಪಾತ್ರೆಯನ್ನು ಎಸೆ ಅಂತ ಆ ಇಡೀ ಸುತ್ತದಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ.

ಅದರ ಮುಂದಿನ ಸುತ್ತದ ಹೊತ್ತಿಗೆ ಬುದ್ಧನ ಇನ್ನೊಬ್ಬ ಮುಖ್ಯ ಶಿಷ್ಯ ಮೊಗ್ಗಲ್ಲಾನನೂ ಹೋಗಿಯಾಗಿದೆ. ಗಂಗೆಯ ದಡದ ಉಕ್ಕಚೇಲ ಅನ್ನುವಲ್ಲಿ ಸಂಘ ಸೇರಿದೆ. ಸದ್ದಿಲ್ಲದೆ ಕೂತಿದ್ದ ಸಭೆಯನ್ನು ಬುದ್ಧ ಒಮ್ಮೆ ನೋಡಿದ. ಅವರಿಬ್ಬರೂ ಹೋದ ಮೇಲೆ ಈ ಸಭೆ ನನಗೆ ಶೂನ್ಯವಾದಂತೆ ಕಾಣುತ್ತಿದೆ ಅಂದ. ಮೂಲದಲ್ಲಿರುವ ಪದ ಸುಞ್ಞ, ನಮ್ಮ ಶೂನ್ಯವೇ. ಪಂಡಿತರು ಸಾವಿರಾರು ಪುಟ ಬರೆದ ಆ ಪದವನ್ನು, ಮನೆಯಲ್ಲಿ ಒಬ್ಬರು ಕೂರುತ್ತಿದ್ದ ಜಾಗ ಖಾಲಿ ಅಂತ ನಾವು ಹೇಳುವ ಹಾಗೆ ಅವನು ಹೇಳಿಬಿಟ್ಟ. ತನಗೆ ಶೋಕವಿಲ್ಲ ಅಂತಲೂ ಅಲ್ಲೇ ಬರುತ್ತದೆ. ಶೋಕವಿಲ್ಲದವನಿಗೂ ಖಾಲಿ ಜಾಗ ಕಾಣಿಸಿತು, ಕಾಣಿಸಿದ್ದನ್ನು ಅವನು ಮುಚ್ಚಿಡಲಿಲ್ಲ. ಇದನ್ನು ಓದಿದ ರಾತ್ರಿ ನಾನು ತುಂಬ ಹೊತ್ತು ಮಲಗಲಿಲ್ಲ.

ನನ್ನನ್ನು ಕ್ಷಮಿಸು. ನಿಮ್ಮ ಮನೆಯಲ್ಲಿ ಅವ್ವನ ಜಾಗ ಖಾಲಿಯಿದೆ. ನಾನು ಬಂದಾಗಲೆಲ್ಲ "ಬಂದ್ಯಾ ಮಗಾ, ಮೊದ್ಲು ಕಾಲು ತೊಳ್ಕೊ" ಅನ್ನುತ್ತಿದ್ದ ಜಾಗ ಅದು. ಅವತ್ತು ಇಷ್ಟನ್ನು ಹೇಳಿ ನಿನ್ನ ಪಕ್ಕ ಕೂರಬೇಕಿತ್ತು.

ಹಿಂದಿನ ತೋಟದ ರೋಬಸ್ಟ ಕಾಫಿ ಕೊಯ್ಲು ಅರ್ಧಕ್ಕೆ ನಿಂತಿದೆ, ಆಳು ಸಿಗುತ್ತಿಲ್ಲ ಅಂತ ನಿನ್ನ ತಮ್ಮ ಹೇಳಿದ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಮುಗಿಯಬೇಕಲ್ಲ. ಭಾನುವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ಅವ್ವನ ಚೀಲ ಅಲ್ಲೇ ಇರಲಿ, ಇಲ್ಲಾ ನೀನೇ ಕಟ್ಟಿಕೋ, ನಿನಗೆ ಬಿಟ್ಟದ್ದು. ನನಗೊಂದು ಗೊಬ್ಬರದ ಚೀಲ ತೊಳೆದು ಒಣಗಿಸಿಡು, ಪಟ್ಟಿ ನಾನೇ ಹೊಲಿದುಕೊಳ್ಳುತ್ತೇನೆ.

ನಿನ್ನ,
ಹೊಳೆಯ ಈಚೆ ದಡದ ಗೆಳೆಯ